ಒಳಸುತ್ತಿನ ತಕರಾರು

ಎಲ್‌ಪಿ ಕೇಳುವ ಅಭ್ಯಾಸ ಇರುವವರಲ್ಲಿ ಈ ದೂರು ಇಲ್ಲದವರು ಕಡಿಮೆ. ಪ್ಲೇಟಿನ ಹೊರ ಅಂಚಿನ ಮೊದಲ ಹಾಡು ಚೊಕ್ಕವಾಗಿ ಕೇಳುತ್ತದೆ. ಎರಡನೆಯದೂ ಪರವಾಗಿಲ್ಲ. ಮುಳ್ಳು ಒಳಗೊಳಗೆ ಸರಿದಂತೆ ದನಿಗೆ ಏನೋ ಆಗತೊಡಗುತ್ತದೆ. ಲೇಬಲ್ಲಿನ ಹತ್ತಿರದ ಕೊನೆಯ ಹಾಡಿಗೆ ಬರುವ ಹೊತ್ತಿಗೆ ಗಾಯಕಿಯ ‘ಸ’ಕಾರಗಳೆಲ್ಲ ‘ಶ್ಶ್’ ಎಂದು ಕೆರೆಯುತ್ತವೆ, ತಾಳದ ಕಿಣಿಕಿಣಿ ಹೋಗಿ ಕರಕರ ಬಂದಿರುತ್ತದೆ. ಪ್ಲೇಟು ಮಗುಚಿ ಹಾಕಿದರೆ ಮತ್ತೆ ಮೊದಲ ಹಾಡು ಚೊಕ್ಕ, ಕೊನೆಯದು ಕರಕರ.

ಹಳೆಯ ಪ್ಲೇಟು, ಸವೆದಿದೆ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಆದರೆ ಸವೆತ ಒಳಗಿನ ಸುತ್ತುಗಳನ್ನೇ ಹುಡುಕಿಕೊಂಡು ಏಕೆ ಹೋಗಬೇಕು? ಹೊಚ್ಚಹೊಸ ಪ್ಲೇಟಿನಲ್ಲೂ ಈ ತಕರಾರು ಕಾಣುವುದೇಕೆ? ಅದೇ ಪ್ಲೇಟನ್ನು ಗೆಳೆಯರ ಮನೆಯ ಟರ್ನ್‌ಟೇಬಲ್ಲಿಗೆ ಹಾಕಿದಾಗ ಕೊನೆಯ ಹಾಡೂ ಲಕ್ಷಣವಾಗಿ ಕೇಳಿಸುವುದುಂಟು. ಅಂದಮೇಲೆ ತಪ್ಪು ಪೂರ್ತಿ ಪ್ಲೇಟಿನದಲ್ಲ.

ಪ್ಲೇಟು ತಯಾರಿಸುವವರಿಗೆ ಇದು ಮೊದಲಿನಿಂದಲೂ ಗೊತ್ತಿದ್ದ ಗುಟ್ಟು. ಅಬ್ಬರದ ಹಾಡು ಮೊದಲಿಗೆ, ಮೆದುವಾದದ್ದು ಕೊನೆಗೆ ಎಂದು ಜೋಡಿಸುವ ರೂಢಿಯ ಹಿಂದೆ ಇದೂ ಒಂದು ಕಾರಣ. ಫ್ರಾನ್ಸಿನ ರಾವೆಲ್ ಬರೆದ ‘ಬೊಲೆರೊ’ ಪಿಸುಮಾತಿನಲ್ಲಿ ಶುರುವಾಗಿ ಇಡೀ ವಾದ್ಯವೃಂದದ ಗರ್ಜನೆಯಲ್ಲಿ ಮುಗಿಯುವ ಕೃತಿ. ಪ್ಲೇಟಿನ ಅತಿ ಕೆಟ್ಟ ಜಾಗಕ್ಕೆ ಅತಿ ದೊಡ್ಡ ಸದ್ದು! ಅದಕ್ಕಾಗಿ ಜರ್ಮನಿಯ ಟಾಸೆಟ್ ಎಂಬ ಸಂಸ್ಥೆ ಅದನ್ನು ತಿರುವುಮುರುವಾಗಿ, ಲೇಬಲ್ಲಿನ ಬಳಿ ಆರಂಭವಾಗಿ ಹೊರ ಅಂಚಿನಲ್ಲಿ ಮುಗಿಯುವಂತೆ ಕೊರೆಸಿ ಮಾರಿತು.

ನಮ್ಮ ಹಿಂದುಸ್ತಾನಿ ಸಂಗೀತಕ್ಕೆ ಹಾಡುಗಳ ಕ್ರಮ ಬದಲಿಸುವ ಅನುಕೂಲವೂ ಇಲ್ಲ. ಒಂದು ಮಗ್ಗುಲಿಗೆ ಒಂದು ರಾಗ. ನಿಧಾನದ ವಿಲಂಬಿತ್ ಹೊರಗಿನ ವಿಶಾಲ ಸುತ್ತುಗಳಲ್ಲಿ ಹಾಯಾಗಿ ಮುಗಿದುಹೋಗುತ್ತದೆ. ದ್ರುತ್, ಮಿಂಚಿನ ತಾನುಗಳು, ಸಿತಾರ್ ಆದರೆ ಚಿಕಾರಿ ತಂತಿಗಳ ಝಾಲಾ, ಎಲ್ಲವೂ ಲೇಬಲ್ಲಿನ ಪಕ್ಕದ ಇಕ್ಕಟ್ಟಿಗೆ ಬೀಳುತ್ತವೆ. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯನ್ನು ಕಾಳಜಿಯಿಂದ ಕೇಳಬೇಕೆನ್ನುವವರು ಈ ಒಳಸುತ್ತಿನ ತಕರಾರನ್ನು ಬಗೆಹರಿಸಿಕೊಳ್ಳದೆ ಗತ್ಯಂತರವಿಲ್ಲ. ಮುಳ್ಳನ್ನು ಹೊತ್ತು ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಡ್ಜ್ ಆರಿಸುವುದು, ಅದನ್ನು ಟರ್ನ್‌ಟೇಬಲ್ಲಿನ ತೋಳಿಗೆ ಕೂರಿಸುವುದು ಎಂಬ ಎರಡು ಕೆಲಸಗಳನ್ನೂ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ನೋಡೋಣ.

ಸುತ್ತು ಅಷ್ಟೇ, ದಾರಿ ಕಮ್ಮಿ

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡು. ಹೊರ ಅಂಚಿನಲ್ಲೂ ಅಷ್ಟೇ, ಒಳಗೂ ಅಷ್ಟೇ. ಆದರೆ ಆ 1.8 ಸೆಕೆಂಡಿನಲ್ಲಿ ಮುಳ್ಳಿನ ಕೆಳಗೆ ಹಾದುಹೋಗುವ ದಾರಿ ಒಂದೇ ಅಲ್ಲ. ಹೊರಗಿನ ಮೊದಲ ಸುತ್ತಿನ ಉದ್ದ ಸುಮಾರು 92 ಸೆಂಟಿಮೀಟರ್. ಕೊನೆಯ ಸುತ್ತಿನದು 38 ಸೆಂಟಿಮೀಟರ್. ಅಂದರೆ ಹೊರಗೆ ಒಂದು ಸೆಕೆಂಡಿನ ಸಂಗೀತಕ್ಕೆ 51 ಸೆಂಟಿಮೀಟರ್ ಜಾಗ ಸಿಕ್ಕಿದರೆ ಒಳಗೆ ಸಿಗುವುದು 21 ಮಾತ್ರ. ಸಂಗೀತ ಅದೇ, ಬರೆಯುವ ಜಾಗ ಅರ್ಧಕ್ಕಿಂತ ಕಡಿಮೆ.

ಸಿ.ಡಿ. ಬಂದಾಗ ಈ ತಪ್ಪನ್ನು ತಿದ್ದಿದರು. ಅದು ಒಳಗಿನಿಂದ ಶುರುವಾಗುತ್ತದೆ. ನಿಮಿಷಕ್ಕೆ ಸುಮಾರು 500 ಸುತ್ತಿನಿಂದ ಆರಂಭಿಸಿ ಹೊರಗೆ ಹೋದಂತೆ ನಿಧಾನಿಸುತ್ತ 200ಕ್ಕೆ ಇಳಿಯುತ್ತದೆ. ಹಾಗಾಗಿ ಎಲ್ಲೆಡೆ ಜಾಗ ಒಂದೇ. ಎಲ್‌ಪಿಯ ಮೋಟಾರಿಗೆ ಆ ಜಾಣ್ಮೆ ಇಲ್ಲ.

‘ಸ’ಕಾರದ ಸೀಳುದನಿಯಲ್ಲಿ ಸೆಕೆಂಡಿಗೆ ಐದರಿಂದ ಹತ್ತು ಸಾವಿರ ಕಂಪನಗಳಿರುತ್ತವೆ. ಹತ್ತು ಸಾವಿರ ಕಂಪನ ಎಂದಿಟ್ಟುಕೊಂಡರೆ, ಹೊರ ಅಂಚಿನಲ್ಲಿ ಒಂದೊಂದು ಅಲೆಗೆ ಒದಗುವ ಉದ್ದ 51 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70. ಲೇಬಲ್ಲಿನ ಬಳಿ ಅದೇ ಅಲೆ 21 ಮೈಕ್ರಾನಿಗೆ ಕುಗ್ಗಿರುತ್ತದೆ. ಈ 21 ಎಂಬ ಸಂಖ್ಯೆಯನ್ನು ನೆನಪಿಡಿ.

ಗೀರಿನ ಎರಡು ಗೋಡೆ

ಮುಳ್ಳು ಓಡುವ ಸಾಲನ್ನು ಇಲ್ಲಿ ಗೀರು ಎನ್ನೋಣ. ಒಂದು ಮಗ್ಗುಲಲ್ಲಿರುವುದು ಒಂದೇ ಗೀರು. 20 ನಿಮಿಷದ ಮಗ್ಗುಲಾದರೆ ಅದನ್ನು ಬಿಚ್ಚಿ ನೇರ ಹಾಸಿದಾಗ 400 ಮೀಟರಿಗೂ ಮಿಕ್ಕಿ ಉದ್ದವಿರುತ್ತದೆ. ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರ, ಎರಡು ಗೋಡೆಗಳ ನಡುವೆ 90 ಡಿಗ್ರಿ. ಲೇಬಲ್ಲಿನ ಕಡೆಯ ಗೋಡೆಯಲ್ಲಿ ಎಡಗಿವಿಯ ಸದ್ದು, ಅಂಚಿನ ಕಡೆಯ ಗೋಡೆಯಲ್ಲಿ ಬಲಗಿವಿಯದು. ಒಂದು ಮುಳ್ಳು ಎರಡು ಗೋಡೆಗಳನ್ನೂ ಒಟ್ಟಿಗೆ ಸವರಿಕೊಂಡು ಹೋಗಿ ಎರಡು ಕಿವಿಗಳಿಗೆ ಬೇರೆಬೇರೆ ಸುದ್ದಿ ಕೊಡುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಇದನ್ನು 1931ರಲ್ಲೇ ಪೇಟೆಂಟಿಗೆ ಬರೆದಿಟ್ಟಿದ್ದ. ಸ್ಟೀರಿಯೊ ಪ್ಲೇಟು ಅಂಗಡಿಗೆ ಬರಲು 1958 ಆಗಬೇಕಾಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರೀಕ್ಷೆಗೆ ಹೊರಟ ವಿಮಾನ ಬಿದ್ದು ಅವನು ತೀರಿಕೊಂಡಿದ್ದ. ನಮ್ಮಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಉಳಿದಿರುವ ಅರವತ್ತರ ದಶಕದ ಚಿತ್ರಗೀತೆಗಳ ಪುಟ್ಟ ಪ್ಲೇಟುಗಳು ಬಹುಪಾಲು ಮಾನೋ. ಅವುಗಳಲ್ಲಿ ಎರಡೂ ಗೋಡೆಗಳು ಒಂದೇ ಸುದ್ದಿ ಹೇಳುತ್ತವೆ.

ಓದುವ ಮುಳ್ಳು ಕೊರೆದ ಮುಳ್ಳಲ್ಲ

ಈಗ ತಕರಾರಿನ ಬುಡಕ್ಕೆ ಬಂದೆವು. ಸ್ಟುಡಿಯೊದಲ್ಲಿ ಮೂಲ ತಟ್ಟೆಯನ್ನು ಕೊರೆಯುವ ಮುಳ್ಳು ಉಳಿಯ ಆಕಾರದ್ದು: ಮುಂಭಾಗ ಸಪಾಟು, ಎರಡು ಬದಿಯ ಅಂಚುಗಳು ಹರಿತ. ಎಷ್ಟು ಚೂಪಾದ ತಿರುವನ್ನಾದರೂ ಅದು ಕೊರೆದುಹಾಕುತ್ತದೆ. ಮನೆಯಲ್ಲಿ ಓದುವ ಮುಳ್ಳಿಗೂ ಅದೇ ಆಕಾರ ಕೊಟ್ಟುಬಿಟ್ಟರೆ? ಅದು ಓದುವುದನ್ನು ಬಿಟ್ಟು ಮತ್ತೆ ಕೊರೆಯಲು ನಿಲ್ಲುತ್ತದೆ. ಆದ್ದರಿಂದ ಓದುವ ವಜ್ರದ ತುದಿಯನ್ನು ದುಂಡಗೆ ಉಜ್ಜಿ ನಯ ಮಾಡಿರುತ್ತಾರೆ. ಎಲ್‌ಪಿಯ ಸಾಮಾನ್ಯ ದುಂಡುಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್.

ಹದಿನೆಂಟು ಮೈಕ್ರಾನ್ ತ್ರಿಜ್ಯದ ಗುಂಡು, 21 ಮೈಕ್ರಾನ್ ಉದ್ದದ ಅಲೆ. ಆಗುಂಬೆ ಘಾಟಿಯಲ್ಲಿ ಉದ್ದನೆಯ ಬಸ್ಸು ಏಕೆ ಓಡುವುದಿಲ್ಲ ಎಂದು ಆ ಕಡೆಯವರನ್ನು ಕೇಳಿದರೆ ತಿರುವುಗಳನ್ನು ತೋರಿಸುತ್ತಾರೆ. ಬಯಲಿನ ರಸ್ತೆಯಲ್ಲಿ ಸಲೀಸಾಗಿ ಹೋಗುವ ಬಸ್ಸು ಅಲ್ಲಿನ ತಿರುವಿನಲ್ಲಿ ಮೂತಿ ತಿರುಗಿಸಿದರೆ ಹಿಂಭಾಗ ಬಂಡೆಗೆ ತಾಗುತ್ತದೆ. ಮಿನಿ ಬಸ್ಸೇ ಬೇಕು. ದುಂಡುಮುಳ್ಳಿಗೆ ಪ್ಲೇಟಿನ ಹೊರ ಸುತ್ತು ಬಯಲಿನ ರಸ್ತೆ, ಒಳ ಸುತ್ತು ಘಾಟಿ. ತಿರುವಿನ ಒಳಬಾಗು ಮುಳ್ಳಿನ ದುಂಡಿಗಿಂತ ಬಿಗಿಯಾಗಿದ್ದರೆ ಮುಳ್ಳು ಅದರೊಳಕ್ಕೆ ಇಳಿಯುವುದೇ ಇಲ್ಲ. ಎರಡು ಉಬ್ಬುಗಳ ನೆತ್ತಿ ಮುಟ್ಟಿಕೊಂಡು ನಡುವಿನ ತಗ್ಗನ್ನು ಹಾರಿ ಮುಂದೆ ಹೋಗುತ್ತದೆ. ಗಾಯಕಿ ಹಾಡಿದ ‘ಸ’ದ ಅಲೆ ಒಂದು, ಮುಳ್ಳು ಬಿಡಿಸಿದ ಅಲೆ ಇನ್ನೊಂದು. ಆ ವ್ಯತ್ಯಾಸವೇ ನಮಗೆ ಕೇಳುವ ಕರಕರ.

ಇನ್ನೊಂದು ಸೂಕ್ಷ್ಮವೂ ಇದೆ. ಕೊರೆಯುವ ಉಳಿ ಎಡಬಲಕ್ಕೆ ಅಲುಗುವಾಗ ತನ್ನ ಮುಖವನ್ನು ತಿರುಗಿಸುವುದಿಲ್ಲ. ಹಾಗಾಗಿ ಗೀರು ನೇರ ಹೋಗುವಲ್ಲಿ ಪೂರ್ತಿ ಅಗಲವಾಗಿಯೂ ಓರೆಯಾಗಿ ಹೋಗುವಲ್ಲಿ ಕಿರಿದಾಗಿಯೂ ಇರುತ್ತದೆ. ಕಿರಿದಾದ ಕಡೆ ಗೋಡೆಗಳು ದುಂಡುಮುಳ್ಳನ್ನು ಹಿಸುಕಿ ಮೇಲಕ್ಕೆ ಎತ್ತುತ್ತವೆ, ಅಗಲವಾದ ಕಡೆ ಅದು ಕೆಳಗಿಳಿಯುತ್ತದೆ. ಒಂದೊಂದು ಅಲೆಗೂ ಎರಡೆರಡು ಸಲ ಈ ಏರಿಳಿತ. ಹಾಡಿನಲ್ಲಿ ಇಲ್ಲದ ಸದ್ದು ಹೀಗೂ ಹುಟ್ಟುತ್ತದೆ.

ವಜ್ರದ ಆಕಾರ

ಪರಿಹಾರ ಏನೆಂದು ಈಗ ಊಹಿಸಬಹುದು. ಗೀರಿನ ಉದ್ದಕ್ಕೆ ತೆಳು, ಅಡ್ಡಕ್ಕೆ ಅಗಲ ಇರುವ ತುದಿ. ಮೊದಲು ಬಂದದ್ದು ಮೊಟ್ಟೆಯಾಕಾರದ ಮುಳ್ಳು, ಎಲಿಪ್ಟಿಕಲ್. ಗೀರಿನ ಅಡ್ಡಕ್ಕೆ 18 ಮೈಕ್ರಾನನ್ನು ಹಾಗೇ ಇಟ್ಟುಕೊಂಡು, ಗೋಡೆಗಳನ್ನು ಮುಟ್ಟುವ ಬದಿಗಳನ್ನು 8 ಮೈಕ್ರಾನಿಗೆ ಉಜ್ಜಿದರು. ಒಳ ಸುತ್ತುಗಳಲ್ಲಿ ಇದು ಮಾಡುವ ವ್ಯತ್ಯಾಸ ಯಾರ ಕಿವಿಗಾದರೂ ಗೊತ್ತಾಗುತ್ತದೆ.

ಮುಂದಿನ ಹೆಜ್ಜೆ ಜಪಾನಿನದು. 1970ರ ದಶಕದ ಆರಂಭದಲ್ಲಿ ಜೆ.ವಿ.ಸಿ. ಕಂಪನಿ ಕೋಣೆಯ ನಾಲ್ಕು ಮೂಲೆಗಳಿಗೆ ನಾಲ್ಕು ಸದ್ದು ಕೊಡುವ ಪ್ಲೇಟು ತಂದಿತು. ಹೆಚ್ಚುವರಿ ಎರಡು ಸದ್ದುಗಳನ್ನು ಮನುಷ್ಯನ ಕಿವಿಗೆ ಕೇಳದ, ಸೆಕೆಂಡಿಗೆ 30 ಸಾವಿರ ಕಂಪನದ ವಾಹಕ ಅಲೆಯ ಮೇಲೆ ಕೂರಿಸಿದ್ದರು. ಅದನ್ನು ಓದಲು ಮೊಟ್ಟೆಮುಳ್ಳೂ ಸಾಲದು. ಅಲ್ಲಿನ ಎಂಜಿನಿಯರ್ ಶಿಬಾಟ ವಜ್ರವನ್ನು ಇನ್ನೊಂದು ಬಗೆಯಲ್ಲಿ ಉಜ್ಜಿದರು: ಉದ್ದಕ್ಕೆ ಇನ್ನಷ್ಟು ತೆಳು, ಆದರೆ ಗೋಡೆಯ ಮೇಲಿನಿಂದ ಕೆಳಗಿನವರೆಗೆ ಒಂದು ನೀಳ ಗೆರೆಯಾಗಿ ತಾಗುವ ತುದಿ. ನಾಲ್ಕು ಮೂಲೆಯ ಸಂಗೀತ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಶಿಬಾಟ ಮುಳ್ಳು ಇವತ್ತಿಗೂ ಮಾರಾಟವಾಗುತ್ತಿದೆ. ಅದೇ ಜಾತಿಯ ಇನ್ನೂ ತೆಳುವಾದ ಮುಳ್ಳುಗಳು ಮೈಕ್ರೋಲೈನ್ ಮುಂತಾದ ಹೆಸರುಗಳಲ್ಲಿ ಬಂದಿವೆ.

ಗೆರೆಯಾಗಿ ತಾಗುವುದರಿಂದ ಇನ್ನೊಂದು ಲಾಭವೂ ಇದೆ. ಮುಳ್ಳಿನ ಮೇಲಿನ ಭಾರ ಸುಮಾರು ಎರಡು ಗ್ರಾಂ ಅಷ್ಟೇ. ಆದರೆ ಅದು ಊರುವ ಜಾಗ ಎಷ್ಟು ಕಿರಿದೆಂದರೆ, ಒತ್ತಡವನ್ನು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದಾಗ ಅದು ಟನ್ನಿನ ಮೇಲಕ್ಕೆ ಹೋಗುತ್ತದೆ. ತಾಗುವ ಜಾಗ ನೀಳವಾದರೆ ಒತ್ತಡ ಹಂಚಿಹೋಗುತ್ತದೆ. ಜೊತೆಗೆ, ಹಿಂದೆ ಯಾರೋ ದುಂಡುಮುಳ್ಳಿನಿಂದ ಸವೆಸಿದ ಗೋಡೆಯಲ್ಲಿ ಸವೆಯದೆ ಉಳಿದ ಪಟ್ಟಿಯನ್ನೂ ಇಂಥ ಮುಳ್ಳು ತಲುಪಬಲ್ಲದು. ಹಳೆಯ ಪ್ಲೇಟು ಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ.

78 ಸುತ್ತಿನ ಅರಗಿನ ಪ್ಲೇಟಿನ ಕಾಲದಲ್ಲಿ ಇದೆಲ್ಲ ಯಾರಿಗೂ ಬೇಕಿರಲಿಲ್ಲ. ಆ ಪ್ಲೇಟಿನಲ್ಲಿ ಅರಗಿನ ಜೊತೆ ಕಲ್ಲಿನ ಪುಡಿ ಬೆರೆತಿರುತ್ತಿತ್ತು. ಹೊಸ ಉಕ್ಕಿನ ಮುಳ್ಳನ್ನು ಇಟ್ಟರೆ ಮೊದಲ ಕೆಲವು ಸುತ್ತುಗಳಲ್ಲೇ ಗೀರು ಅದನ್ನು ಉಜ್ಜಿ ತನ್ನ ಅಳತೆಗೆ ತಂದುಕೊಳ್ಳುತ್ತಿತ್ತು! ಒಂದು ಮಗ್ಗುಲು ಮುಗಿದರೆ ಮುಳ್ಳು ಬಿಸಾಡಿ ಹೊಸದು ಹಾಕಬೇಕು. ಅದಕ್ಕೇ ಗ್ರಾಮಫೋನಿನ ಜೊತೆ ಮುಳ್ಳಿನ ತಗಡು ಡಬ್ಬಿ ಇರುತ್ತಿದ್ದದ್ದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಾಗ ಅರಗಿನ ಬದಲು ಮೆತ್ತನೆಯ ವಿನೈಲ್ ಬಂತು. ವಿನೈಲಿಗೆ ವಜ್ರವನ್ನು ತಿದ್ದುವ ಶಕ್ತಿ ಇಲ್ಲ. ಅಲ್ಲಿಂದ ಮುಂದೆ ಸರಿಯಾದ ಆಕಾರವನ್ನು ಕಾರ್ಖಾನೆಯಲ್ಲೇ ಕೊಟ್ಟು ಕಳಿಸಬೇಕಾಯಿತು, ಅದಕ್ಕೆ ನಾವು ದುಡ್ಡು ಕೊಡಬೇಕಾಯಿತು.

ಕಡ್ಡಿಯ ಇನ್ನೊಂದು ತುದಿ

ವಜ್ರ ಕೂತಿರುವುದು ಕೆಲವು ಮಿಲಿಮೀಟರ್ ಉದ್ದದ ಸಣ್ಣ ಕಡ್ಡಿಯ ತುದಿಯಲ್ಲಿ. ವಜ್ರ ಅಲುಗಿದರೆ ಕಡ್ಡಿಯ ಹಿಂತುದಿಯೂ ಅಲುಗುತ್ತದೆ. ಅಲ್ಲಿ ಪುಟ್ಟ ಅಯಸ್ಕಾಂತವನ್ನು ಅಂಟಿಸಿ, ತಂತಿಸುರುಳಿಗಳನ್ನು ಪಕ್ಕದಲ್ಲಿ ಅಲುಗದಂತೆ ಇಟ್ಟರೆ ಅದು ಎಂ.ಎಂ. ಬಗೆ. ಸುರುಳಿಯನ್ನೇ ಕಡ್ಡಿಗೆ ಕಟ್ಟಿ ಅಯಸ್ಕಾಂತವನ್ನು ಅಲುಗದಂತೆ ಇಟ್ಟರೆ ಎಂ.ಸಿ. ಎರಡರಲ್ಲೂ ನಡೆಯುವುದು ಫ್ಯಾರಡೆ 1831ರಲ್ಲಿ ಕಂಡ ಸಂಗತಿಯೇ. ಎಂ.ಎಂ. ಕಾರ್ಟ್ರಿಡ್ಜು ನಾಲ್ಕೈದು ಮಿಲಿವೋಲ್ಟ್ ಕೊಡುತ್ತದೆ. ನಮ್ಮ ಮೊಬೈಲ್ ಚಾರ್ಜರಿನ 5 ವೋಲ್ಟಿನ ಸಾವಿರದ ಒಂದು ಪಾಲು. ಎಂ.ಸಿ.ಯದು ಅದರಲ್ಲೂ ಹತ್ತನೆಯ ಒಂದು ಭಾಗದಷ್ಟು. ಹಾಗಾಗಿ ಅದಕ್ಕೆ ಬೇರೆಯೇ ಆಂಪ್ಲಿಫಯರ್ ಬೇಕು. ಮುಳ್ಳು ಸವೆದರೆ ಎಂ.ಎಂ.ನಲ್ಲಿ ಮುಳ್ಳಿನ ಭಾಗವನ್ನು ಬೆರಳಲ್ಲಿ ಎಳೆದು ಹೊಸದು ಸಿಕ್ಕಿಸಬಹುದು. ಎಂ.ಸಿ.ಗಳಲ್ಲಿ ಹೆಚ್ಚಿನವುಗಳಿಗೆ ಆ ಸೌಕರ್ಯವಿಲ್ಲ, ಇಡೀ ಕಾರ್ಟ್ರಿಡ್ಜನ್ನೇ ತಯಾರಕರಿಗೆ ಕಳಿಸಬೇಕು.

ಹಿಂದಿನ ಸೂಟ್‌ಕೇಸ್ ಪ್ಲೇಯರುಗಳಲ್ಲಿ ಇದ್ದದ್ದು ಮೂರನೆಯ ಬಗೆ. ಒತ್ತಿದರೆ ವಿದ್ಯುತ್ ಹುಟ್ಟುವ ಹರಳು ಅಥವಾ ಸೆರಾಮಿಕ್ ತುಂಡು. ಪಕ್ಕದ ಸಣ್ಣ ಸನ್ನೆಯನ್ನು ತಿರುಗಿಸಿದರೆ ಒಂದು ಕಡೆ 78ರ ಮುಳ್ಳು, ಇನ್ನೊಂದು ಕಡೆ ಎಲ್‌ಪಿ ಮುಳ್ಳು. ಹರಳಿನ ಬಗೆಗಳಲ್ಲಿ ರಾಷೆಲ್ ಉಪ್ಪನ್ನು ಬಳಸುತ್ತಿದ್ದರು. ಅದು ನೀರು ಹೀರಿ ಕರಗುವ ಉಪ್ಪು. ಕರಾವಳಿಯ ಮಳೆಗಾಲ ಅದಕ್ಕೆ ಯಮ. ಈ ಬಗೆಯಲ್ಲಿ ಮುಳ್ಳಿನ ಮೇಲಿನ ಭಾರವೂ ಜಾಸ್ತಿ. ಇಷ್ಟದ ಹಾಡನ್ನು ಅಂಥ ಯಂತ್ರದಲ್ಲಿ ನೂರಾರು ಸಲ ಕೇಳಿದ್ದರೆ ಆ ಪ್ಲೇಟಿನ ಒಳ ಸುತ್ತುಗಳು ನಿಜವಾಗಿಯೂ ಸವೆದಿರುತ್ತವೆ.

ಎಂ.ಎಂ. ಒಳ್ಳೆಯದೋ ಎಂ.ಸಿ. ಒಳ್ಳೆಯದೋ ಎಂಬ ಚರ್ಚೆಯಲ್ಲಿ ರಸಿಕರು ಸಂಜೆಗಟ್ಟಲೆ ಕಳೆಯುತ್ತಾರೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು ವಜ್ರದ ಆಕಾರ ಯಾವುದು ಎಂದು. ಜಪಾನಿನ ಆಡಿಯೊ-ಟೆಕ್ನಿಕಾ ಕಂಪನಿಯ ವಿಎಂ95 ಸಾಲನ್ನು ನೋಡಿ. ಕಾರ್ಟ್ರಿಡ್ಜಿನ ಒಡಲು ಎಲ್ಲದಕ್ಕೂ ಒಂದೇ. ಅದಕ್ಕೆ ದುಂಡುಮುಳ್ಳು, ಮೊಟ್ಟೆಮುಳ್ಳು, ಮೈಕ್ರೋಲೈನ್, ಶಿಬಾಟ, 78ರ ಪ್ಲೇಟಿಗಾಗಿಯೇ ಮಾಡಿದ ದಪ್ಪ ಮುಳ್ಳು, ಯಾವುದನ್ನಾದರೂ ಸಿಕ್ಕಿಸಬಹುದು. ಬೆಲೆ ಹೆಚ್ಚುತ್ತ ಹೋಗುವುದು ಮುಳ್ಳಿನಿಂದ. ದುಡ್ಡು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಮೊಟ್ಟೆಮುಳ್ಳಿನಿಂದ ಆರಂಭಿಸಿ, ಕೈ ಪಳಗಿದ ಮೇಲೆ ಮೈಕ್ರೋಲೈನಿಗೆ ಹೋಗುವುದು ಒಳ್ಳೆಯ ದಾರಿ.

ಇದಕ್ಕೆ ವಿರುದ್ಧ ಸಾಕ್ಷಿ ಒಂದಿದೆ, ಅದನ್ನೂ ಹೇಳಿಬಿಡಬೇಕು. ಡೆನಾನ್ ಕಂಪನಿಯ ಡಿಎಲ್-103 ಎಂಬ ಎಂ.ಸಿ. ಕಾರ್ಟ್ರಿಡ್ಜು 1962ರಲ್ಲಿ ಜಪಾನಿನ ರೇಡಿಯೊ ಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡದ್ದು. ಅದರದು ಅಪ್ಪಟ ದುಂಡುಮುಳ್ಳು. ಆರು ದಶಕ ಕಳೆದರೂ ಅದಕ್ಕೆ ಅಭಿಮಾನಿಗಳು ಕಮ್ಮಿಯಾಗಿಲ್ಲ. ಕಾರಣಗಳಲ್ಲಿ ಒಂದು ಇದು: ದುಂಡುಮುಳ್ಳು ಎತ್ತ ತಿರುಗಿದರೂ ದುಂಡೇ. ಕೂರಿಸುವಾಗ ಸ್ವಲ್ಪ ಓರೆಯಾದರೆ ಅದು ಕ್ಷಮಿಸುತ್ತದೆ. ತೆಳುಮುಳ್ಳು ಓರೆಯಾದರೆ ಎಡಗೋಡೆಯನ್ನು ಒಂದು ಕ್ಷಣ ಮೊದಲು, ಬಲಗೋಡೆಯನ್ನು ಆಮೇಲೆ ಓದುತ್ತದೆ. ಆಗ ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು? ಆದ್ದರಿಂದ ಆಕಾರದ ಪ್ರಶ್ನೆ ಕೂರಿಸುವ ಪ್ರಶ್ನೆಯನ್ನು ಎಳೆದುಕೊಂಡೇ ಬರುತ್ತದೆ.

ತೋಳಿಗೂ ಕಾರ್ಟ್ರಿಡ್ಜಿಗೂ ಹೊಂದಾಣಿಕೆ

ಅದಕ್ಕೂ ಮೊದಲು ಒಂದು ಸಣ್ಣ ತಪಾಸಣೆ. ಕಡ್ಡಿಯ ಬುಡದಲ್ಲಿರುವ ರಬ್ಬರು ಕೆಲವು ಕಾರ್ಟ್ರಿಡ್ಜುಗಳಲ್ಲಿ ಮೆತ್ತಗೆ, ಕೆಲವಲ್ಲಿ ಬಿಗಿ. ಮೆತ್ತಗಿನ ರಬ್ಬರಿನ ಮೇಲೆ ತೋಳಿನ ತೂಕ ಕೂತಾಗ ಅವೆರಡೂ ಸೇರಿ ತಮ್ಮದೇ ಒಂದು ಲಯದಲ್ಲಿ ತೂಗತೊಡಗುತ್ತವೆ. ಪ್ಲೇಟಿನ ಸೊಟ್ಟಗಳು ಸೆಕೆಂಡಿಗೆ ಐದಾರು ಕಂಪನದೊಳಗೆ ಇರುತ್ತವೆ, ಸಂಗೀತ ಇಪ್ಪತ್ತರಿಂದ ಆಚೆ. ತೋಳಿನ ಲಯ ಇವೆರಡರ ನಡುವೆ, 8ರಿಂದ 12ರೊಳಗೆ ಬಿದ್ದರೆ ಯಾರಿಗೂ ತೊಂದರೆ ಇಲ್ಲ. ಹಗುರ ತೋಳಿಗೆ ಮೆತ್ತಗಿನ ಕಾರ್ಟ್ರಿಡ್ಜು, ಭಾರದ ತೋಳಿಗೆ ಬಿಗಿಯಾದದ್ದು ಎಂಬುದು ಸೂತ್ರವಿಲ್ಲದ ಸೂತ್ರ. ಮಧ್ಯಮ ತೂಕದ ತೋಳು, ಆರೇಳು ಗ್ರಾಮಿನ ಎಂ.ಎಂ. ಕಾರ್ಟ್ರಿಡ್ಜು ಇದ್ದರೆ ಸಾಮಾನ್ಯವಾಗಿ ಚಿಂತೆ ಬೇಡ. ಡಿಎಲ್-103ರಂಥ ಬಿಗಿ ಕಾರ್ಟ್ರಿಡ್ಜಿಗೆ ಭಾರದ ತೋಳೇ ಒಳ್ಳೆಯದು.

ಕಮಾನು ಮತ್ತು ನೇರ ಗೆರೆ

ಕೊರೆಯುವ ಯಂತ್ರದಲ್ಲಿ ಉಳಿಯು ಅಂಚಿನಿಂದ ನಡುವಿನ ಕಡೆಗೆ ಒಂದು ನೇರ ಸಲಾಕೆಯ ಮೇಲೆ ಸರಿಯುತ್ತದೆ. ಎಲ್ಲ ಸುತ್ತುಗಳಲ್ಲೂ ಅದರ ಮುಖ ಗೀರಿಗೆ ಸರಿಯಾಗಿ ಅಡ್ಡ. ಮನೆಯ ಟರ್ನ್‌ಟೇಬಲ್ಲಿನ ತೋಳಾದರೋ ಒಂದು ಮೂಲೆಯಲ್ಲಿ ಕೀಲು ಹೂಡಿಕೊಂಡು ಕಮಾನಿನ ದಾರಿಯಲ್ಲಿ ಬೀಸುತ್ತದೆ. ಕಮಾನು ಮತ್ತು ನೇರ ಗೆರೆ ಉದ್ದಕ್ಕೂ ಒಂದಾಗುವುದು ಸಾಧ್ಯವೇ ಇಲ್ಲ. ಇಂಗ್ಲೆಂಡಿನಲ್ಲಿ ಪರ್ಸಿ ವಿಲ್ಸನ್ 1924ರಲ್ಲೇ ಇದರ ಲೆಕ್ಕ ಹಾಕಿದ. ತೋಳಿನ ತಲೆಯನ್ನು ಒಂದಿಷ್ಟು ಒಳಕ್ಕೆ ಬಾಗಿಸಿ, ಮುಳ್ಳು ಪ್ಲೇಟಿನ ನಡುಗೂಟವನ್ನು ಸ್ವಲ್ಪ ದಾಟುವಷ್ಟು ಮುಂದಕ್ಕೆ ಇಟ್ಟರೆ ತಪ್ಪು ಬಹಳ ತಗ್ಗುತ್ತದೆ. ಸಾಮಾನ್ಯ ಒಂಬತ್ತಿಂಚಿನ ತೋಳುಗಳಲ್ಲಿ ಈ ಬಾಗು ಇಪ್ಪತ್ತೆರಡು ಇಪ್ಪತ್ತಮೂರು ಡಿಗ್ರಿ, ಮುಂಚಾಚು 15ರಿಂದ 18 ಮಿಲಿಮೀಟರ್.

ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್ 1938ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಕೋನ ಎಷ್ಟು ತಪ್ಪಿದೆ ಎಂಬುದಷ್ಟೇ ಮುಖ್ಯವಲ್ಲ, ಎಲ್ಲಿ ತಪ್ಪಿದೆ ಎಂಬುದೂ ಮುಖ್ಯ ಎಂದು ಅವನು ತೋರಿಸಿದ. ಒಳಗೆ ಅಲೆಗಳು ಒತ್ತೊತ್ತಾಗಿ ಇರುವುದರಿಂದ ಅದೇ ಒಂದು ಡಿಗ್ರಿಯ ತಪ್ಪು ಹೊರಗಿಗಿಂತ ಒಳಗೆ ಎರಡು ಪಟ್ಟಿಗೂ ಹೆಚ್ಚು ಹಾಳು ಮಾಡುತ್ತದೆ. ನಮ್ಮ ತಕರಾರಿನ ಇನ್ನರ್ಧ ಕಾರಣ ಇಲ್ಲಿದೆ. ಆದ್ದರಿಂದ ಒಳಗಿನ ತಪ್ಪಿಗೆ ಹೆಚ್ಚು ತೂಕ ಕೊಟ್ಟು ಹೊಂದಿಸಬೇಕು. ಇಂದು ಹೆಚ್ಚಿನವರು ಬಳಸುವ ಹೊಂದಿಕೆ ಅವನದೇ. ಮೂರು ವರ್ಷದ ನಂತರ ಅಮೆರಿಕದಲ್ಲಿ ಅದೇ ಉತ್ತರಕ್ಕೆ ಬಂದ ಬೇರ್‌ವಾಲ್ಡನ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಪ್ಲೇಟಿನ ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿ ಮುಳ್ಳು ಪೂರ್ತಿ ನೇರವಾಗುತ್ತದೆ, ಉಳಿದೆಡೆ ಎರಡು ಡಿಗ್ರಿಯ ಆಸುಪಾಸಿನೊಳಗೆ ತಪ್ಪುತ್ತದೆ.

1966ರಲ್ಲಿ ಸ್ಟೀವನ್‌ಸನ್ ಎಂಬವರು ಸೂಚಿಸಿದ ಹೊಂದಿಕೆಯಲ್ಲಿ ಒಳಗಿನ ನೇರಬಿಂದು ಇನ್ನೂ ಒಳಕ್ಕೆ, 60.3 ಮಿಲಿಮೀಟರಿಗೆ, ಅಂದರೆ ಸಂಗೀತ ಮುಗಿಯುವ ಜಾಗಕ್ಕೇ ಸರಿಯುತ್ತದೆ. ಅದಕ್ಕಾಗಿ ನಡುವಿನ ಸುತ್ತುಗಳಲ್ಲಿ ತುಸು ಹೆಚ್ಚು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಪರಿಣತರಲ್ಲಿ ಹಲವರಿಗೆ ಇದು ಒಳ್ಳೆಯ ವ್ಯಾಪಾರವೆನಿಸದು. ಹತ್ತು ಬಿಡಿ ಹಾಡುಗಳ ಪ್ಲೇಟಿನ ಮಟ್ಟಿಗೆ ಅವರ ಮಾತು ಸರಿ. ಆದರೆ ದ್ರುತ್ ಮತ್ತು ಝಾಲಾ ಲೇಬಲ್ಲಿನ ಪಕ್ಕದಲ್ಲೇ ಬರುವ ಹಿಂದುಸ್ತಾನಿ ಎಲ್‌ಪಿಗಳನ್ನೇ ಹೆಚ್ಚಾಗಿ ಕೇಳುವವರಿಗೆ ಸ್ಟೀವನ್‌ಸನ್ ಹೊಂದಿಕೆಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಸಂಗೀತದ ತೂಕ ಕೊನೆಯಲ್ಲಿದೆ, ಹೊಂದಿಕೆಯ ತೂಕವೂ ಅಲ್ಲೇ ಇರಲಿ.

ಮೇಜಿನ ಮೇಲೆ

ಕೆಲಸಕ್ಕೆ ಬೇಕಾದದ್ದು ಸಣ್ಣ ಸ್ಕ್ರೂಡ್ರೈವರ್, ಇಕ್ಕಳ, ಭೂತಗನ್ನಡಿ, ಒಳ್ಳೆಯ ಬೆಳಕು, ನೇರಬಿಂದುಗಳನ್ನು ಗುರುತಿಸಿದ ಕಾರ್ಡು, ಒಂದು ಗ್ರಾಮಿನ ನೂರನೆಯ ಭಾಗವನ್ನು ತೋರಿಸುವ ಪುಟ್ಟ ತಕ್ಕಡಿ. ಚಿನ್ನ ತೂಗುವ ಅಗ್ಗದ ಡಿಜಿಟಲ್ ತಕ್ಕಡಿ ಸಾಕು. ಅದರ ತಟ್ಟೆಯ ಲೋಹ ಕಾರ್ಟ್ರಿಡ್ಜಿನ ಅಯಸ್ಕಾಂತಕ್ಕೆ ಅಂಟುವಂಥದ್ದಲ್ಲ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಮುಳ್ಳಿಗೆ ಅದರ ಪ್ಲಾಸ್ಟಿಕ್ ಕವಚ ಹಾಕಿಯೇ ಇರಲಿ. ತೋಳಿನ ತಲೆಯಿಂದ ಕೂದಲೆಳೆಯಂಥ ನಾಲ್ಕು ತಂತಿಗಳು ಇಳಿದಿರುತ್ತವೆ: ಎಡಕ್ಕೆ ಬಿಳಿ ಮತ್ತು ನೀಲಿ, ಬಲಕ್ಕೆ ಕೆಂಪು ಮತ್ತು ಹಸಿರು. ತಂತಿಯನ್ನು ಹಿಡಿದು ಎಳೆಯಬಾರದು, ತುದಿಯ ಲೋಹದ ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು ಕಾರ್ಟ್ರಿಡ್ಜಿನ ಹಿಂಬದಿಯ ಪಿನ್ನುಗಳಿಗೆ ಮೆಲ್ಲಗೆ ತೂರಿಸಬೇಕು. ಎರಡು ಸ್ಕ್ರೂಗಳನ್ನು ಕಾರ್ಟ್ರಿಡ್ಜು ಜಾರುವಷ್ಟು ಸಡಿಲವಾಗಿಯೇ ಬಿಡಿ.

ಈಗ ಭಾರ. ಕವಚ ತೆಗೆದುಬಿಡಿ. ತೋಳಿನ ಹಿಂದಿನ ತೂಕವನ್ನು ತಿರುಗಿಸುತ್ತ ತೋಳು ಗಾಳಿಯಲ್ಲಿ ಮಟ್ಟವಾಗಿ ತೇಲುವಂತೆ ಮಾಡಿ, ಅಲ್ಲಿಂದ ತಯಾರಕರು ಹೇಳಿದಷ್ಟು ಗ್ರಾಂ ಸೇರಿಸಿ, ತಕ್ಕಡಿಯಲ್ಲಿ ನೋಡಿ. ಭಾರ ಕಡಿಮೆಯಾದಷ್ಟೂ ಪ್ಲೇಟಿಗೆ ಒಳ್ಳೆಯದು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ತಪ್ಪು. ಭಾರ ಸಾಲದಿದ್ದರೆ ಚೂಪು ತಿರುವಿನಲ್ಲಿ ಮುಳ್ಳು ಒಂದು ಗೋಡೆಯನ್ನು ಬಿಟ್ಟು ಹಾರಿ ಮತ್ತೆ ಬಂದು ಅಪ್ಪಳಿಸುತ್ತದೆ. ಆ ಪೆಟ್ಟು ನಯವಾದ ಒತ್ತಡಕ್ಕಿಂತ ಕೆಡುಕು. 1.8ರಿಂದ 2.2 ಗ್ರಾಂ ಎಂದು ಬರೆದಿದ್ದರೆ 2.0ಕ್ಕೆ ಇಡಿ, ಒಳ ಸುತ್ತು ಇನ್ನೂ ಒರಟಾಗಿ ಕೇಳಿದರೆ 2.1ಕ್ಕೆ ಏರಿಸಿ.

ಆಮೇಲೆ ಕಾರ್ಡು. ಒಳಗಿನ ಬಿಂದುವಿನ ಮೇಲೆ ಮುಳ್ಳನ್ನು ಇಳಿಸಿ ಮುಂದಿನಿಂದ ನೋಡಿದರೆ ವಜ್ರವನ್ನು ಹೊತ್ತ ಕಡ್ಡಿ ಕಾರ್ಡಿನ ಗೆರೆಗಳಿಗೆ ಸಮಾನಾಂತರವಾಗಿ ಇರಬೇಕು. ಕಾರ್ಟ್ರಿಡ್ಜಿನ ಒಡಲನ್ನು ನೋಡಿ ಮೋಸಹೋಗಬೇಡಿ; ಕಾರ್ಖಾನೆಯಲ್ಲಿ ಕಡ್ಡಿ ಒಂದೆರಡು ಡಿಗ್ರಿ ಸೊಟ್ಟ ಕೂತಿರುವುದುಂಟು. ಒಳಗೆ ಸರಿಯಾದರೆ ಹೊರಗಿನ ಬಿಂದುವಿಗೆ ಹೋಗಿ. ಅಲ್ಲಿ ಸರಿ ಮಾಡಿದರೆ ಇಲ್ಲಿ ತಪ್ಪಿರುತ್ತದೆ. ಕೂದಲೆಳೆಯಷ್ಟು ಹಿಂದೆ, ಮುಂದೆ, ಒಂಚೂರು ತಿರುವು, ಮತ್ತೆ ಮೊದಲಿನಿಂದ. ಎರಡೂ ಕಡೆ ಒಂದೇ ಸಲ ಸರಿಯಾದ ಮೇಲೆ ಸ್ಕ್ರೂಗಳನ್ನು ಸರದಿಯಂತೆ ಚೂರುಚೂರೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಕಾರ್ಟ್ರಿಡ್ಜು ತಿರುಗಿಕೊಂಡು ಎಲ್ಲ ಶ್ರಮ ನೀರುಪಾಲು. ಕಾರ್ಡನ್ನು ನೀವೇ ಮುದ್ರಿಸಿಕೊಂಡಿದ್ದರೆ ಅದರ ಮೇಲಿನ ಅಳತೆಗೆರೆಯನ್ನು ಸ್ಟೀಲ್ ಸ್ಕೇಲಿನಿಂದ ಅಳೆದು ನೋಡಿ. ಪುಟಕ್ಕೆ ಹೊಂದುವಂತೆ ಪ್ರಿಂಟರು ಚಿತ್ರವನ್ನು ಕುಗ್ಗಿಸಿರುತ್ತದೆ, ಕಾರ್ಡೇ ಸುಳ್ಳು ಹೇಳುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಪ್ಲೇಟಿನ ಮೇಲೆ ಸಣ್ಣ ಕನ್ನಡಿ ಇಟ್ಟು ಮುಳ್ಳಿಳಿಸಿ ಮುಂದಿನಿಂದ ನೋಡಿದಾಗ ಕಡ್ಡಿ ಮತ್ತು ಅದರ ಬಿಂಬ ಒಂದೇ ನೇರದಲ್ಲಿರಬೇಕು. ವಾಲಿದ್ದರೆ ಎಡಗಿವಿಯ ಸದ್ದು ಬಲಕ್ಕೆ ಸೋರುತ್ತದೆ. ಬದಿಯಿಂದ ನೋಡಿದಾಗ ತೋಳು ಪ್ಲೇಟಿಗೆ ಸಮಾನಾಂತರ. ಬಾಗಿದ ತಲೆಯ ದೆಸೆಯಿಂದ, ಗೀರಿನ ಘರ್ಷಣೆ ತೋಳನ್ನು ಸದಾ ಒಳಕ್ಕೆ ಸೆಳೆಯುತ್ತಿರುತ್ತದೆ. ಅದನ್ನು ತಡೆಯುವ ಆಂಟಿ-ಸ್ಕೇಟಿಂಗ್ ಗುಂಡಿಯನ್ನು ಮುಳ್ಳಿನ ಭಾರದ ಅಂಕಿಗೇ ಇಟ್ಟು ಶುರುಮಾಡಿ. ಕರಕರ ಒಂದೇ ಕಿವಿಯಲ್ಲಿ ಹೆಚ್ಚಿದ್ದರೆ ಅನುಮಾನ ಈ ಗುಂಡಿಯ ಮೇಲೆ. ಮೊದಲ ಹಾಡಿನಿಂದಲೇ ‘ಸ’ಕಾರ ಕೆರೆಯುತ್ತಿದ್ದರೆ ಅದು ಒಳಸುತ್ತಿನ ತಕರಾರೇ ಅಲ್ಲ. ಮುಳ್ಳಿಗೆ ಕೊಳೆ ಮೆತ್ತಿದೆಯೇ, ಆಂಪ್ಲಿಫಯರಿಗೆ ಹೋಗುವ ತಂತಿ ಬೇಕಾದ್ದಕ್ಕಿಂತ ಉದ್ದವಿದೆಯೇ ನೋಡಿ, ಎಂ.ಎಂ. ಕಾರ್ಟ್ರಿಡ್ಜಿನ ಮೇಲುದನಿ ತಂತಿಯ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಎಲ್‌ಪಿಯ ಕೊನೆಯ ಹಾಡು ಮೊದಲನೆಯದರಷ್ಟು ಚೊಕ್ಕ ಆಗುವುದಿಲ್ಲ. 51 ಸೆಂಟಿಮೀಟರಿನ ಕೆಲಸವನ್ನು 21ರಲ್ಲಿ ಮಾಡಿದ ಮೇಲೆ ಕೊಂಚ ಕೊರತೆ ಉಳಿಯುವುದೇ. ಆದರೆ ಮೊಟ್ಟೆಮುಳ್ಳು ಇದ್ದು, ಅದು ಸರಿಯಾಗಿ ಕೂತಿದ್ದರೆ, ಆ ಕೊರತೆಯನ್ನು ಹುಡುಕಿಕೊಂಡು ಕೇಳಿದರಷ್ಟೇ ಗೊತ್ತಾಗುವ ಮಟ್ಟಕ್ಕೆ ಇಳಿಯುತ್ತದೆ.

ಹಳೆಯ ಟರ್ನ್‌ಟೇಬಲ್ ಕೊಳ್ಳುವವರಿಗೆ ಒಂದು ಕೋರಿಕೆ. ಅದರ ಜೊತೆ ಬಂದ ಮುಳ್ಳು ಎಷ್ಟು ಗಂಟೆ ಓಡಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ. ವಜ್ರವೂ ಸವೆಯುತ್ತದೆ. ಸವೆದಾಗ ಅದರ ಬದಿಗಳಲ್ಲಿ ಚಪ್ಪಟೆ ಮುಖಗಳು ಎದ್ದು, ಅವುಗಳ ಅಂಚು ಹರಿತವಾಗುತ್ತದೆ, ಓದುವ ಮುಳ್ಳು ಮತ್ತೆ ಕೊರೆಯುವ ಮುಳ್ಳಾಗುತ್ತದೆ. ಐನೂರರಿಂದ ಸಾವಿರ ಗಂಟೆ ಅದರ ಸಾಮಾನ್ಯ ಆಯಸ್ಸು. ನಿಮ್ಮ ಪ್ಲೇಟುಗಳನ್ನು ಆ ಯಂತ್ರಕ್ಕೆ ಹಾಕುವ ಮೊದಲು ಹೊಸ ಮುಳ್ಳು ತಂದು ಹಾಕಿ.